ಏರು ದಾರಿಯ ಸಹಾಯಾರ್ಥ ಸೈಕಲ್ ಸವಾರಿಗೆ 16 ವಾರಗಳ ತಯಾರಿ

ಒಂದು ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುವ ಸೈಕಲ್ ಸವಾರಿ. ಮೂರೋ ನಾಲ್ಕೋ ದಿನ. ದಿನಕ್ಕೆ 80ರಿಂದ 100 ಕಿ.ಮೀ. ದಾರಿಯುದ್ದಕ್ಕೂ ಗುಡ್ಡ. ಸ್ನೇಹಿತರ ಒತ್ತಾಯಕ್ಕೋ ನಿಮ್ಮದೇ ಹುಮ್ಮಸ್ಸಿಗೋ ಹೆಸರು ಕೊಟ್ಟುಬಿಟ್ಟಿದ್ದೀರಿ. ಮಾರನೇ ದಿನ ದಾರಿಯ ನಕ್ಷೆ ನೋಡಿದಾಗ ಎದೆ ಧಸಕ್ಕೆಂದಿದೆ. "ನನ್ನ ಕೈಲಿ ಆಗುತ್ತಾ? ಎಷ್ಟು ತಿಂಗಳು ತಯಾರಿ ಬೇಕು? ಹೊಸ ಸೈಕಲ್ ಕೊಳ್ಳಲೇಬೇಕಾ?" ಈ ಮೂರು ಪ್ರಶ್ನೆಗಳಿಗೆ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಚಿಕ್ಕ ಉತ್ತರ ಇಷ್ಟು: ಈಗ ನೀವು ಸಮತಟ್ಟು ರಸ್ತೆಯಲ್ಲಿ 30 ಕಿ.ಮೀ. ಆರಾಮಾಗಿ ತುಳಿಯಬಲ್ಲಿರಾದರೆ 16 ವಾರ ಸಾಕು. ಅಷ್ಟು ಆಗದಿದ್ದರೆ ಮೊದಲು ಅಲ್ಲಿಗೆ ಮುಟ್ಟಲು ಇನ್ನೊಂದು ಆರು ವಾರ ಸೇರಿಸಿಕೊಳ್ಳಿ. ಕೊನೆಯ ತಿಂಗಳಲ್ಲಿ ಎಲ್ಲವನ್ನೂ ತುರುಕಲು ಹೋದರೆ ಅದು ಯುದ್ಧಕಾಲದ ಶಸ್ತ್ರಾಭ್ಯಾಸ. ಮಂಡಿ ನೋವು ಬರುತ್ತದೆ, ಬೇರೇನೂ ಬರುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಹೆದರುವುದು ದಾರಿಯ ಅತಿ ದೊಡ್ಡ ಏರಿಗೆ. ಆದರೆ ಆ ಏರನ್ನು ನಿಧಾನವಾಗಿಯಾದರೂ ಹತ್ತಿಬಿಡಬಹುದು, ಆಗದಿದ್ದರೆ ಇಳಿದು ತಳ್ಳಬಹುದು. ಜನರನ್ನು ನಿಜವಾಗಿ ಸೋಲಿಸುವುದು ಎರಡನೇ ದಿನದ ಬೆಳಿಗ್ಗೆ. ತೊಡೆ ಕಲ್ಲಾಗಿರುತ್ತದೆ, ಕೂತಲ್ಲಿ ಉರಿ, ರಾತ್ರಿ ನಿದ್ದೆ ಅರ್ಧ, ಎದುರಿಗೆ ಮತ್ತೆ 90 ಕಿ.ಮೀ. ಕೆಳಗಿನ ಎಲ್ಲ ತಯಾರಿಯೂ ಆ ಬೆಳಿಗ್ಗೆಗಾಗಿ ಎಂದುಕೊಳ್ಳಿ.

ಶುರು ಮಾಡುವ ಮೊದಲು: ಹೃದಯದ ತೊಂದರೆ, ರಕ್ತದೊತ್ತಡ, ಮಧುಮೇಹ ಇದ್ದರೆ ಅಥವಾ ಬಹಳ ವರ್ಷ ವ್ಯಾಯಾಮವೇ ಮಾಡಿಲ್ಲವಾದರೆ ವೈದ್ಯರನ್ನು ಕಂಡು ಬನ್ನಿ. ತರಬೇತಿಯ ನಡುವೆ ಎದೆ ನೋವು, ತಲೆಸುತ್ತು, ಎದೆಬಡಿತ ತಪ್ಪಿದಂತೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ. "ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ" ಅನ್ನಬೇಡಿ.

ಹಂತ 1: ದಾರಿಯನ್ನು ಓದಲು ಕಲಿಯಿರಿ

ಗುಡ್ಡದ ದಾರಿಯಲ್ಲಿ ಕಿಲೋಮೀಟರ್ ಲೆಕ್ಕ ಅರ್ಧ ಸತ್ಯ ಮಾತ್ರ. ಉಳಿದರ್ಧ ಇರುವುದು 'ಒಟ್ಟು ಏರಿಕೆ'ಯಲ್ಲಿ. ಅಂದರೆ ಇಡೀ ದಿನದಲ್ಲಿ ಹತ್ತಿದ ಎಲ್ಲ ಏರುಗಳ ಎತ್ತರವನ್ನು ಕೂಡಿದಾಗ ಬರುವ ಮೀಟರ್. ನಡುವೆ ಇಳಿದದ್ದನ್ನು ಇದರಲ್ಲಿ ಕಳೆಯುವುದಿಲ್ಲ. 100 ಕಿ.ಮೀ. ದಾರಿಗೆ 500 ಮೀಟರ್ ಒಳಗಿದ್ದರೆ ಅದು ಹೆಚ್ಚುಕಡಿಮೆ ಸಮತಟ್ಟು. 1,000 ಮೀಟರ್ ಆದರೆ ಗುಡ್ಡಗಾಡು ಎನ್ನಬಹುದು. 1,500 ದಾಟಿದರೆ ಗಟ್ಟಿ ದಿನ. ಇದು ನನ್ನ ಅಂದಾಜಿನ ಅಳತೆ, ಆದರೆ ಕೆಲಸಕ್ಕೆ ಬರುತ್ತದೆ.

ಎರಡನೆಯದು ಏರಿನ ಕಡಿದು. ಅದನ್ನು ಶೇಕಡಾದಲ್ಲಿ ಹೇಳುತ್ತಾರೆ. ಶೇ 5 ಎಂದರೆ 100 ಮೀಟರ್ ಮುಂದೆ ಹೋದಾಗ 5 ಮೀಟರ್ ಮೇಲೆ ಹೋಗಿರುತ್ತೀರಿ. ಶೇ 3 ಕಣ್ಣಿಗೆ ಕಾಣಿಸುವುದೇ ಇಲ್ಲ, ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಶೇ 6ರಲ್ಲಿ ಮಾತು ಕಡಿಮೆಯಾಗುತ್ತದೆ. ಶೇ 10 ದಾಟಿದರೆ ಚಿಕ್ಕ ಗೇರ್ ಇಲ್ಲದೆ ನಡೆಯುವುದಿಲ್ಲ. ಹೋಲಿಕೆಗೆ ಒಂದು ಹೆಸರುವಾಸಿ ಏರು ನೋಡಿ. ಫ್ರಾನ್ಸಿನ ಆಲ್ಪ್ ದ್ಯುಎಜ್ 13.8 ಕಿ.ಮೀ. ಉದ್ದ, 21 ಹೇರ್‌ಪಿನ್ ತಿರುವು, ಸರಾಸರಿ ಶೇ 8.1. ಕ್ಯಾನ್ಸರ್ ವಿರುದ್ಧದ ಕೆಲಸಕ್ಕೆ ಹಣ ಕೂಡಿಸಲು ಡಚ್ಚರು 2006ರಲ್ಲಿ ಶುರು ಮಾಡಿದ ಒಂದು ಸಹಾಯಾರ್ಥ ಸವಾರಿಯಲ್ಲಿ ಜನ ಇದೇ ಏರನ್ನು ಒಂದೇ ದಿನ ಆರು ಸಲದವರೆಗೆ ಹತ್ತುತ್ತಾರೆ. ಹತ್ತುವವರಲ್ಲಿ ಬಹಳಷ್ಟು ಜನ ಪಂದ್ಯದ ಸವಾರರಲ್ಲ, ನಮ್ಮ ನಿಮ್ಮಂಥವರೇ. ಸರಿಯಾಗಿ ತಯಾರಾಗಿರುತ್ತಾರೆ, ಅಷ್ಟೇ.

ಸರಾಸರಿ ಸಂಖ್ಯೆಗೆ ಮೋಸಹೋಗಬೇಡಿ. 5 ಕಿ.ಮೀ. ಏರಿಗೆ ಸರಾಸರಿ ಶೇ 5 ಎಂದು ಬರೆದಿರುತ್ತಾರೆ. ಹೋಗಿ ನೋಡಿದರೆ ಮೊದಲ ಮೂರು ಕಿಲೋಮೀಟರ್ ಹಗುರ, ಕೊನೆಯ ಎರಡು ಗೋಡೆ. ಹಾಗಾಗಿ ಎತ್ತರದ ನಕ್ಷೆಯನ್ನು ಕಿಲೋಮೀಟರ್ ಕಿಲೋಮೀಟರಾಗಿ ನೋಡಿ. ಪ್ರತಿ ದಿನದ ದೊಡ್ಡ ಏರುಗಳು ಎಲ್ಲಿ ಶುರು, ಎಲ್ಲಿ ಮುಗಿಯುತ್ತವೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಇದೇ ಹೊತ್ತಿಗೆ ಸಂಘಟಕರನ್ನು ಕೇಳಿಬಿಡಿ: ನೀರು ಸಿಗುವ ಜಾಗಗಳ ನಡುವೆ ಎಷ್ಟು ದೂರ? ಹಿಂದೆ ಬರುವ ಸಹಾಯದ ಗಾಡಿ ಇದೆಯಾ? ದಿನಕ್ಕೆ ಇಂತಿಷ್ಟು ಗಂಟೆಯೊಳಗೆ ಮುಗಿಸಬೇಕೆಂಬ ಗಡುವು ಇದೆಯಾ? ಸಾಮಾನು ಯಾರು ಹೊರುತ್ತಾರೆ? ಗಡುವು ಇದ್ದರೆ ನಿಮ್ಮ ತರಬೇತಿಯ ಗುರಿ ಅದರಿಂದಲೇ ತೀರ್ಮಾನವಾಗುತ್ತದೆ.

ಹಣದ ಬಗ್ಗೆಯೂ ಈಗಲೇ ಕೇಳಿ. ಒಬ್ಬೊಬ್ಬರು ಕನಿಷ್ಠ ಎಷ್ಟು ಕೂಡಿಸಬೇಕು, ಕಡಿಮೆ ಬಿದ್ದರೆ ಯಾರು ತುಂಬಬೇಕು, ಕೂಡಿಸಿದ್ದರಲ್ಲಿ ಸವಾರಿಯ ಖರ್ಚಿಗೆ ಎಷ್ಟು ಹೋಗುತ್ತದೆ. ಕೊಡುವವರು ಮೊದಲು ಕೇಳುವುದು ಇದನ್ನೇ. ಕೇಳುವ ಕೆಲಸವನ್ನು ತರಬೇತಿಯ ಮೊದಲ ವಾರದಲ್ಲೇ ಶುರು ಮಾಡಿ, ಮೊದಲ ಪಾಲು ನೀವೇ ಹಾಕಿ. ಕೊನೆಯ ಎರಡು ವಾರ ಕಾಲಿಗೂ ತಲೆಗೂ ಬಿಡುವು ಬೇಕು. ಆಗ ಫೋನ್ ಹಿಡಿದು ದುಡ್ಡು ಕೇಳುತ್ತಾ ಕೂರುವುದು ಬೇಡ.

ಹಂತ 2: ಸೈಕಲ್ಲನ್ನು ನಿಮಗೆ ಹೊಂದಿಸಿ

ಹೊಸ ಸೈಕಲ್ ಬೇಕಾ? ಬಹಳ ಸಲ ಬೇಡ. ಬೇಕಾಗುವುದು ಚಿಕ್ಕ ಗೇರ್.

ಲೆಕ್ಕ ಹೀಗಿದೆ. ಪೆಡಲ್ ಹತ್ತಿರದ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನ ಅತಿ ದೊಡ್ಡ ಚಕ್ರದಲ್ಲೂ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಗಾಲಿಯೂ ಒಂದು ಸುತ್ತು. ನಿಮಿಷಕ್ಕೆ 70 ಸಲ ತುಳಿದರೆ ಗಂಟೆಗೆ ಸುಮಾರು 9 ಕಿ.ಮೀ. ವೇಗ. ಹಿಂದೆ 28 ಹಲ್ಲು ಮಾತ್ರ ಇದ್ದರೆ ಅದೇ ತುಳಿತಕ್ಕೆ ಗಂಟೆಗೆ ಹತ್ತೂವರೆ ಕಿ.ಮೀ. ದಾಟಿ ಹೋಗಬೇಕು. ಕೇಳಲು ಚಿಕ್ಕ ವ್ಯತ್ಯಾಸ. ಆದರೆ ಶೇ 8ರ ಏರಿನಲ್ಲಿ ಆ ವೇಗ ನಿಮ್ಮ ಶಕ್ತಿ ಮೀರಿದ್ದಾದರೆ ನಿಮಿಷಕ್ಕೆ 50 ಸಲ ಗುದ್ದಿ ಗುದ್ದಿ ತುಳಿಯಬೇಕಾಗುತ್ತದೆ, ಮಂಡಿ ಕೈಕೊಡುತ್ತದೆ. ಹಿಂದಿನ ಹಲ್ಲುಚಕ್ರಗಳ ಗುಚ್ಛಕ್ಕೆ ಕ್ಯಾಸೆಟ್ ಎನ್ನುತ್ತಾರೆ. ಅದನ್ನು 32 ಅಥವಾ 34 ಹಲ್ಲಿನದಕ್ಕೆ ಬದಲಿಸಲು ಬರುತ್ತದಾ ಎಂದು ಮೆಕ್ಯಾನಿಕ್ ಬಳಿ ಕೇಳಿ. ಹಿಂದಿನ ಗೇರ್ ಬದಲಿಸುವ ತೋಳಿಗೆ ಅಷ್ಟು ದೊಡ್ಡ ಚಕ್ರ ಹಿಡಿಸಬೇಕು, ಚೈನಿನ ಉದ್ದವೂ ಹೊಂದಬೇಕು. ಚಿಕ್ಕ ಗೇರ್ ಹಾಕಿಸಿಕೊಂಡರೆ ನಾಚಿಕೆ ಎಂದುಕೊಳ್ಳುವವರಿದ್ದಾರೆ. ಮೂರನೇ ದಿನ ಅವರನ್ನು ಮಾತಾಡಿಸಿ ನೋಡಿ.

ಸೈಕಲ್ ಹಗುರ ಮಾಡಲು ಖರ್ಚು ಮಾಡುವ ಮೊದಲು ಇನ್ನೊಂದು ಲೆಕ್ಕ. ನೀವು, ಸೈಕಲ್, ನೀರು, ಚೀಲ ಎಲ್ಲ ಸೇರಿ 85 ಕೆ.ಜಿ. ಎಂದುಕೊಳ್ಳಿ. 150 ವ್ಯಾಟ್ ಶಕ್ತಿಯಲ್ಲಿ ತುಳಿದರೆ 500 ಮೀಟರ್ ಎತ್ತರ ಹತ್ತಲು ಹತ್ತಿರ ಹತ್ತಿರ 50 ನಿಮಿಷ ಬೇಕು. ಸೈಕಲ್ 1 ಕೆ.ಜಿ. ಹಗುರವಾದರೆ ಉಳಿಯುವುದು ಸುಮಾರು ಅರ್ಧ ನಿಮಿಷ. ಆ ದುಡ್ಡಿಗೆ ಒಳ್ಳೆಯ ಟೈರು ಮತ್ತು ಒಳ್ಳೆಯ ಚಡ್ಡಿ ಕೊಳ್ಳಿ.

ಸೀಟಿನ ಎತ್ತರ ಹೊಂದಿಸುವ ಸುಲಭ ದಾರಿ: ಗೋಡೆಗೆ ಕೈಕೊಟ್ಟು ಸೀಟಿನ ಮೇಲೆ ಕುಳಿತು, ಪೆಡಲ್ಲನ್ನು ಪೂರ್ತಿ ಕೆಳಗೆ ತಂದು ಹಿಮ್ಮಡಿ ಇಡಿ. ಕಾಲು ನೆಟ್ಟಗಾದರೆ ಸರಿ. ಪಾದದ ಮುಂಭಾಗ ಇಟ್ಟು ತುಳಿಯುವಾಗ ಮಂಡಿ ತಾನಾಗಿ ಸ್ವಲ್ಪ ಮಡಚಿಕೊಳ್ಳುತ್ತದೆ. ಇದು ಶುರುವಿಗೆ ಮಾತ್ರ. ಮುಂದೆ ದೇಹವೇ ಹೇಳುತ್ತದೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ. ಮಂಡಿಯ ಹಿಂಭಾಗ ನೋಯುತ್ತಿದ್ದರೆ, ಅಥವಾ ತುಳಿಯುವಾಗ ಸೊಂಟ ಅತ್ತಿತ್ತ ಜಾರುತ್ತಿದ್ದರೆ ಎತ್ತರವಾಗಿದೆ. ಅಂಗೈ ಜೋಮು ಹಿಡಿದರೆ ಮೈಭಾರ ಕೈಮೇಲೆ ಜಾಸ್ತಿ ಬೀಳುತ್ತಿದೆ ಎಂದರ್ಥ. ಹ್ಯಾಂಡಲ್ ತುಂಬ ದೂರ ಅಥವಾ ತಗ್ಗು ಇರಬಹುದು, ಸೀಟಿನ ಮೂತಿ ಕೆಳಕ್ಕೆ ಬಾಗಿರಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಕೆಲವೇ ಮಿಲಿಮೀಟರ್. ಎರಡು ಮೂರು ಸವಾರಿ ಮಾಡಿ ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಎಂಬುದೇ ತಿಳಿಯುವುದಿಲ್ಲ.

ಟೈರು 28ರಿಂದ 32 ಮಿ.ಮೀ. ಅಗಲದ್ದು ನಿಮ್ಮ ಸೈಕಲ್ಲಿಗೆ ಹಿಡಿಸಿದರೆ ಅದನ್ನೇ ಹಾಕಿಸಿ. ತೀರಾ ಸಪೂರ ಟೈರಿಗಿಂತ ಕೈಗೂ ಬೆನ್ನಿಗೂ ಹಿತ, ಇಳಿಜಾರಿನಲ್ಲಿ ಹಿಡಿತವೂ ಚೆನ್ನ.

ಮೆತ್ತೆ ಇರುವ ಸೈಕಲ್ ಚಡ್ಡಿ ಕಡ್ಡಾಯ. ಅದರೊಳಗೆ ಒಳಉಡುಪು ಹಾಕಬಾರದು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹಾಗಾಗಿ ನಾನೇ ಹೇಳುತ್ತಿದ್ದೇನೆ. ಒಳಉಡುಪಿನ ಹೊಲಿಗೆ ಉಜ್ಜಿ ಉಜ್ಜಿಯೇ ಹುಣ್ಣಾಗುವುದು.

ಹಂತ 3: ಮೊದಲ ಆರು ವಾರ, ಮಾತಾಡುತ್ತಾ ತುಳಿಯಿರಿ

ವಾರಕ್ಕೆ ಮೂರು ಅಥವಾ ನಾಲ್ಕು ಸವಾರಿ. ವಾರದ ದಿನಗಳಲ್ಲಿ 45ರಿಂದ 60 ನಿಮಿಷದ ಎರಡು, ರಜಾದಿನದಲ್ಲಿ ಒಂದು ಉದ್ದನೆಯದು. ಉದ್ದನೆಯದನ್ನು ಹೀಗೆ ಏರಿಸಿಕೊಂಡು ಹೋಗಿ: 30, 35, 40, ನಾಲ್ಕನೇ ವಾರ ಮತ್ತೆ 30, ಆಮೇಲೆ 45, 50 ಕಿ.ಮೀ.

ನಾಲ್ಕನೇ ವಾರ ಇಳಿಸಿದ್ದು ಅಚ್ಚಿನ ತಪ್ಪಲ್ಲ. ಪ್ರತಿ ನಾಲ್ಕನೇ ವಾರ ಕಡಿಮೆ ತುಳಿಯಬೇಕು. ಸ್ನಾಯು ಗಟ್ಟಿಯಾಗುವುದು ತುಳಿಯುವಾಗ ಅಲ್ಲ, ತುಳಿದ ಮೇಲೆ ವಿಶ್ರಾಂತಿ ಕೊಟ್ಟಾಗ.

ಈ ಆರು ವಾರದ ನಿಯಮ ಒಂದೇ: ಪಕ್ಕದವರ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗುವಷ್ಟು ಹಗುರಾಗಿ ತುಳಿಯಬೇಕು. ಎರಡು ಪದಕ್ಕೊಮ್ಮೆ ಉಸಿರೆಳೆಯುತ್ತಿದ್ದರೆ ವೇಗ ಜಾಸ್ತಿಯಾಯಿತು. ಒಬ್ಬರೇ ಹೋಗುತ್ತಿದ್ದರೆ ಒಂದು ಹಾಡು ಗುನುಗಿ ನೋಡಿ. ಇಷ್ಟು ನಿಧಾನ ತುಳಿದರೆ ಏನು ಬಂತು ಅನ್ನಿಸುತ್ತದೆ. ಬರುವುದು ಇದು: ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ದೇಹ ಕೊಬ್ಬನ್ನು ಸುಟ್ಟು ಓಡುವುದನ್ನು ರೂಢಿಸಿಕೊಳ್ಳುತ್ತದೆ. ದಿನಕ್ಕೆ ಆರೇಳು ಗಂಟೆ ತುಳಿಯುವವರಿಗೆ ಬೇಕಾದದ್ದು ಇದೇ. 16 ವಾರದುದ್ದಕ್ಕೂ ಒಟ್ಟು ಸಮಯದ ಐದರಲ್ಲಿ ನಾಲ್ಕು ಪಾಲು ಹೀಗೆ ಹಗುರಾಗಿಯೇ ಇರಲಿ.

ಹೊಸಬರ ದೊಡ್ಡ ತಪ್ಪು ಇಲ್ಲೇ ಆಗುತ್ತದೆ. ಪ್ರತಿ ಸವಾರಿಯನ್ನೂ 'ಸುಮಾರು ಕಷ್ಟ'ದಲ್ಲಿ ಮಾಡುತ್ತಾರೆ. ಹಗುರವೂ ಅಲ್ಲ, ನಿಜವಾಗಿ ಕಷ್ಟವೂ ಅಲ್ಲ. ಸುಸ್ತು ಮಾತ್ರ ಕೂಡುತ್ತಾ ಹೋಗುತ್ತದೆ.

ತುಳಿತದ ಲಯವನ್ನೂ ಈಗಲೇ ಕಲಿಯಿರಿ. ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ತಿರುಗುತ್ತದೆ ಎಂಬುದಕ್ಕೆ ಕೇಡೆನ್ಸ್ ಎನ್ನುತ್ತಾರೆ. ಸಮತಟ್ಟಿನಲ್ಲಿ 80ರಿಂದ 90 ಇರಲಿ. ಅಳೆಯಲು ಯಂತ್ರ ಬೇಕಿಲ್ಲ. 15 ಸೆಕೆಂಡಿನಲ್ಲಿ ಬಲಮಂಡಿ ಎಷ್ಟು ಸಲ ಮೇಲೆ ಬರುತ್ತದೆ ಎಣಿಸಿ ನಾಲ್ಕರಿಂದ ಗುಣಿಸಿ.

ವಾರಕ್ಕೆರಡು ಸಲ 20 ನಿಮಿಷ ನೆಲದ ವ್ಯಾಯಾಮ ಸೇರಿಸಿ: ಬಸ್ಕಿ, ಮೆಟ್ಟಿಲು ಹತ್ತಿ ಇಳಿಯುವುದು, ಬೆನ್ನ ಮೇಲೆ ಮಲಗಿ ಸೊಂಟ ಎತ್ತುವುದು, ಮೊಣಕೈ ಊರಿ ಮೈ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್. ಉದ್ದನೆಯ ಏರಿನಲ್ಲಿ ಬಹಳ ಜನರಿಗೆ ಮೊದಲು ಸೋಲುವುದು ಕಾಲಲ್ಲ, ಸೊಂಟ.

ಹಂತ 4: ವಾರ 7ರಿಂದ 11, ಏರು ಹತ್ತಿ

ಈಗ ವಾರದ ಒಂದು ಸವಾರಿ ಏರಿಗೆ ಮೀಸಲು. ಹತ್ತಲು 5ರಿಂದ 10 ನಿಮಿಷ ಹಿಡಿಯುವ ಒಂದು ದಿಬ್ಬ ಹುಡುಕಿ. 15 ನಿಮಿಷ ಹಗುರಾಗಿ ತುಳಿದು ಮೈ ಬೆಚ್ಚಗೆ ಮಾಡಿಕೊಳ್ಳಿ. ಆಮೇಲೆ ಮೂರು ನಾಲ್ಕು ಪದಕ್ಕಿಂತ ಹೆಚ್ಚು ಒಟ್ಟಿಗೆ ಮಾತಾಡಲಾಗದಷ್ಟು ಗಟ್ಟಿಯಾಗಿ, ಆದರೆ ಬಾಯಿ ಕಳೆದು ಏದುಸಿರು ಬಿಡದಂತೆ ಹತ್ತಿ. ನಿಧಾನವಾಗಿ ಇಳಿದು ಮತ್ತೆ ಹತ್ತಿ. ಮೊದಲ ವಾರ ಮೂರು ಸಲ, ಮುಂದೆ ಐದರವರೆಗೆ. ಕೊನೆಯ ಏರಿಗೆ ಮೊದಲನೆಯದರಷ್ಟೇ ಸಮಯ ಹಿಡಿದರೆ ಲೆಕ್ಕ ಸರಿ. ಮೊದಲನೆಯದಕ್ಕಿಂತ ತುಂಬ ನಿಧಾನವಾದರೆ ಶುರುವಿನಲ್ಲೇ ದುಡುಕಿದ್ದೀರಿ.

ಹತ್ತುವ ರೀತಿಯ ಬಗ್ಗೆ ಕೆಲವು ಮಾತು.

ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ಪೂರ್ತಿ ಭಾರ ಹಾಕಿ ತುಳಿಯುವಾಗ ಗೇರ್ ಬದಲಿಸಿದರೆ ಚೈನು ಕಟಕಟ ಅನ್ನುತ್ತದೆ, ಕೆಲವೊಮ್ಮೆ ಬಿದ್ದೇ ಹೋಗುತ್ತದೆ. ಬದಲಿಸುವ ಆ ಒಂದು ಕ್ಷಣ ತುಳಿತ ಹಗುರ ಮಾಡಿ. ಏರಿನ ಮೊದಲ ಕಾಲುಭಾಗ "ಇದು ತೀರಾ ಸುಲಭ" ಅನ್ನಿಸಬೇಕು. ನಿಮಿಷಕ್ಕೆ 70 ಸುತ್ತಿನ ಆಸುಪಾಸು ಇಟ್ಟುಕೊಳ್ಳಿ. ಭುಜ ಸಡಿಲ, ಹ್ಯಾಂಡಲ್ ಮೇಲೆ ಹಿಡಿತವೂ ಸಡಿಲ. ಹಲ್ಲು ಕಚ್ಚಿ ಹ್ಯಾಂಡಲ್ ಹಿಂಡಿದರೆ ಶಕ್ತಿ ಪೋಲು, ಅಷ್ಟೇ.

ಕೂತು ಹತ್ತಬೇಕಾ, ನಿಂತು ಹತ್ತಬೇಕಾ? ಹೆಚ್ಚು ಹೊತ್ತು ಕೂತೇ ಹತ್ತಿ. ನಿಂತಾಗ ಮೈಭಾರವನ್ನು ಕಾಲೇ ಹೊರಬೇಕು, ಎದೆಬಡಿತ ಏರುತ್ತದೆ. ಆದರೆ ಹತ್ತು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ನಿಂತರೆ ಬೆನ್ನಿಗೂ ಕೂರುವ ಜಾಗಕ್ಕೂ ಬಿಡುವು ಸಿಗುತ್ತದೆ. ನಿಲ್ಲುವ ಮೊದಲು ಒಂದು ಗೇರ್ ಗಟ್ಟಿ ಮಾಡಿಕೊಳ್ಳಿ, ಇಲ್ಲದಿದ್ದರೆ ಪೆಡಲ್ ಜಾರಿದಂತಾಗುತ್ತದೆ. ನಿಲ್ಲುವಾಗ ಸೈಕಲ್ ಒಂದು ಕ್ಷಣ ಹಿಂದಕ್ಕೆ ಬಂದಂತೆ ಆಗುವುದರಿಂದ ಹಿಂದಿನವರ ಗಾಲಿಗೆ ತಾಗಬಹುದು. ಗುಂಪಿನಲ್ಲಿದ್ದರೆ ಜೋಕೆ.

"ನಮ್ಮಲ್ಲಿ ಗುಡ್ಡವೇ ಇಲ್ಲ" ಎನ್ನುವವರ ಪ್ರಶ್ನೆ ಪದೇ ಪದೇ ಬರುತ್ತದೆ. ದಾರಿಗಳಿವೆ. ಎದುರುಗಾಳಿ ಒಳ್ಳೆಯ ಗುಡ್ಡ. ಗಾಳಿಗೆ ಎದುರಾಗಿ 20 ನಿಮಿಷ ಬಿಡದೆ ತುಳಿಯಿರಿ. ಮೇಲ್ಸೇತುವೆ ಇದ್ದರೆ ಸಂಚಾರ ಕಡಿಮೆ ಇರುವ ಬೆಳಗಿನ ಜಾವ ಹತ್ತಾರು ಸಲ ಹತ್ತಿ ಇಳಿಯಬಹುದು. ಮನೆಯಲ್ಲಿ ಸೈಕಲ್ ಸಿಕ್ಕಿಸಿ ತುಳಿಯುವ ಟ್ರೇನರ್ ಇದ್ದರೆ ಮುಂದಿನ ಗಾಲಿ ಸ್ವಲ್ಪ ಎತ್ತರಕ್ಕಿಟ್ಟು, ಗಟ್ಟಿ ಗೇರ್‌ನಲ್ಲಿ ನಿಮಿಷಕ್ಕೆ 60 ಸುತ್ತಿನಂತೆ 10 ನಿಮಿಷದ ಮೂರು ಕಂತು ತುಳಿಯಿರಿ. ಮಂಡಿ ನೋವಿನ ಇತಿಹಾಸ ಇದ್ದವರು ಈ ಕೊನೆಯದನ್ನು ಬಿಡಿ. ಇಷ್ಟಾದರೂ 16 ವಾರದಲ್ಲಿ ಎರಡು ಮೂರು ಸಲವಾದರೂ ನಿಜವಾದ ಗುಡ್ಡಕ್ಕೆ ಹೋಗಿಬನ್ನಿ. ಏರಿಗಾಗಿ ಅಲ್ಲ, ಇಳಿಯುವುದನ್ನು ಕಲಿಯಲು. ಅದನ್ನು ಮನೆಯಲ್ಲಿ ಕಲಿಯಲು ಆಗುವುದಿಲ್ಲ.

ಉದ್ದನೆಯ ಸವಾರಿ ಈ ವಾರಗಳಲ್ಲಿ 55ರಿಂದ 75 ಕಿ.ಮೀ.ಗೆ ಏರಲಿ. ಮಾರನೇ ದಿನ, ಎಷ್ಟೇ ಸೋಮಾರಿತನ ಬಂದರೂ, 25ರಿಂದ 40 ಕಿ.ಮೀ. ಹಗುರ ಸವಾರಿ. ಎಂಟನೇ ವಾರ ಎಲ್ಲವೂ ಕಡಿಮೆ.

ಹಂತ 5: ವಾರ 12ರಿಂದ 14, ದಿನದ ಮೇಲೆ ದಿನ

ಇಡೀ ತಯಾರಿಯಲ್ಲಿ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. 12ನೇ ವಾರ ವಿಶ್ರಾಂತಿಯದು. 13ನೇ ವಾರ ಸತತ ಎರಡು ದಿನ: 80 ಕಿ.ಮೀ., ಮಾರನೇ ದಿನ 65. 14ನೇ ವಾರ ಸಾಧ್ಯವಾದರೆ ಒಂದು ರಜೆ ಹಾಕಿ ಸತತ ಮೂರು ದಿನ: 80, 70, 50. ಎರಡೂ ಸಲ ಗುಡ್ಡ ಇರುವ ದಾರಿಯೇ ಆಗಲಿ. ನಾಲ್ಕು ದಿನ ಪೂರ್ತಿ ದೂರವನ್ನು ಮೊದಲೇ ತುಳಿದು ನೋಡುವ ಅಗತ್ಯವಿಲ್ಲ. ಅತಿ ಉದ್ದದ ದಿನದ ಮುಕ್ಕಾಲು ಭಾಗ ತುಳಿದಿದ್ದರೆ ಸಾಕು.

ಇವು ಬರೀ ಕಾಲಿನ ಪರೀಕ್ಷೆಯಲ್ಲ. ಸವಾರಿಯ ದಿನ ಹಾಕುವ ಬಟ್ಟೆ, ಶೂ, ತಿನ್ನುವ ತಿಂಡಿ, ಹೊರುವ ಚೀಲ, ಎಲ್ಲವೂ ಆ ದಿನದ್ದೇ ಇರಲಿ. ಎರಡನೇ ಬೆಳಿಗ್ಗೆ ಎದ್ದು ಎಲ್ಲೆಲ್ಲಿ ನೋವಿದೆ ಎಂದು ಬರೆದಿಡಿ. ಸ್ನಾಯು ನೋವು, ಬಿಗಿತ ಇದ್ದರೆ ಚಿಂತೆಯಿಲ್ಲ. ಕೀಲಿನಲ್ಲಿ ಚುಚ್ಚುವ ನೋವು, ಒಂದೇ ಮಂಡಿಯಲ್ಲಿ ನೋವು, ಕೂರುವ ಜಾಗದಲ್ಲಿ ಗುಳ್ಳೆ ಇದ್ದರೆ ಅದನ್ನು ಈಗಲೇ ಸರಿಪಡಿಸಬೇಕು. ಸರಿಪಡಿಸಲು ಎರಡು ವಾರ ಇನ್ನೂ ಇವೆ. ಸವಾರಿಯ ಎರಡನೇ ದಿನ ಗೊತ್ತಾದರೆ ಏನೂ ಮಾಡಲಾಗದು.

ಹಂತ 6: ತಿನ್ನುವುದನ್ನೂ ಅಭ್ಯಾಸ ಮಾಡಿ

ದೇಹ ಸ್ನಾಯು ಮತ್ತು ಯಕೃತ್ತಿನಲ್ಲಿ ಸಕ್ಕರೆಯ ಅಂಶವನ್ನು ಕೂಡಿಟ್ಟಿರುತ್ತದೆ. ಅದು ಸುಮಾರು 400ರಿಂದ 500 ಗ್ರಾಂ. ಗಟ್ಟಿಯಾಗಿ ತುಳಿದರೆ ಒಂದೂವರೆ ಎರಡು ಗಂಟೆಯಲ್ಲಿ ಬಹುಪಾಲು ಖಾಲಿ. ಆಮೇಲೆ ತಿನ್ನದೇ ಇದ್ದರೆ ಕೈಕಾಲು ನಡುಕ, ಕಣ್ಣು ಮಂಜು, ಕಾರಣವಿಲ್ಲದ ಸಿಟ್ಟು, ಒಂದು ಅಡಿ ಮುಂದೆ ಹೋಗಲೂ ಆಗದ ಸ್ಥಿತಿ. ಸವಾರರು ಇದಕ್ಕೆ ಬಾಂಕ್ ಎನ್ನುತ್ತಾರೆ. ಒಮ್ಮೆ ಆದರೆ ತಿಂದು ಚೇತರಿಸಿಕೊಳ್ಳಲು ಅರ್ಧ ಗಂಟೆಗೂ ಹೆಚ್ಚು ಬೇಕು.

ಹಾಗಾಗಿ ಹಸಿವಾಗುವವರೆಗೆ ಕಾಯಬೇಡಿ. ಮೊದಲ ಅರ್ಧ ಗಂಟೆ ಮುಗಿಯುತ್ತಲೇ ಶುರು ಮಾಡಿ, ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ ಮತ್ತು ಸಕ್ಕರೆ, ಒಳಗೆ ಹೋಗಬೇಕು. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ನಾಲ್ಕು ದಿನ ಬರೀ ಸಿಹಿ ತಿಂದರೆ ನಾಲಿಗೆ ಬೇಡ ಅನ್ನುತ್ತದೆ. ಉಪ್ಪಿನ ತಿಂಡಿಯೂ ಜೇಬಿನಲ್ಲಿರಲಿ. ಏರು ಹತ್ತುವಾಗ ಅಗಿಯುವುದು ಕಷ್ಟ, ಏರಿಗೆ ಹತ್ತು ನಿಮಿಷ ಮೊದಲೇ ತಿಂದುಬಿಡಿ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಸೆಕೆಗೆ ತಕ್ಕಂತೆ. ಆದರೆ ಒಂದು ಎಚ್ಚರಿಕೆ: ಉಪ್ಪಿಲ್ಲದ ಬರೀ ನೀರನ್ನು ಬೇಕಾಬಿಟ್ಟಿ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ, ಪ್ರಾಣಕ್ಕೂ ಅಪಾಯ. ಎರಡು ಬಾಟಲಿ ಒಯ್ಯುವುದಾದರೆ ಒಂದರಲ್ಲಿ ಉಪ್ಪು ಸಕ್ಕರೆ ಬೆರೆಸಿದ ನೀರಿರಲಿ.

ದಿನದ ಸವಾರಿ ಮುಗಿದ ಅರ್ಧ ಗಂಟೆಯೊಳಗೆ ಏನಾದರೂ ತಿನ್ನಿ, ಪಿಷ್ಟದ ಜೊತೆ 20 ಗ್ರಾಂನಷ್ಟು ಪ್ರೋಟೀನ್ ಇರಲಿ. ಮಾರನೇ ದಿನ ಮತ್ತೆ ತುಳಿಯುವವರಿಗೆ ಈ ತಿಂಡಿ ಐಷಾರಾಮವಲ್ಲ. ಎರಡನೇ ಬೆಳಿಗ್ಗೆಯ ಕಾಲು ಮೊದಲ ಸಂಜೆಯ ತಟ್ಟೆಯಲ್ಲಿ ತಯಾರಾಗುತ್ತದೆ.

ಹಂತ 7: ಇಳಿಯಲು ಕಲಿಯಿರಿ

ಏರಿನಲ್ಲಿ ಬಿದ್ದವರು ಕಡಿಮೆ. ಪೆಟ್ಟಾಗುವುದು ಇಳಿಜಾರಿನಲ್ಲಿ.

ಗುಡ್ಡದ ನೆತ್ತಿಯಲ್ಲಿ ನಿಂತು ಗಾಳಿ ತಡೆಯುವ ಜಾಕೆಟ್ ಹಾಕಿಕೊಳ್ಳಿ. ಬೆವರಿದ ಮೈಗೆ ಗಂಟೆಗೆ 40 ಕಿ.ಮೀ. ಗಾಳಿ ಬಡಿದರೆ ಬೆರಳು ಮರಗಟ್ಟುತ್ತವೆ, ಬ್ರೇಕ್ ಹಿಡಿಯಲು ಬರುವುದಿಲ್ಲ. ಹ್ಯಾಂಡಲ್ ಕೆಳಕ್ಕೆ ಬಾಗಿದ ಸೈಕಲ್ ಆದರೆ ಕೆಳಗಿನ ಭಾಗ ಹಿಡಿಯಿರಿ. ಬ್ರೇಕ್ ಮೇಲೆ ಹಿಡಿತ ಅಲ್ಲಿ ಗಟ್ಟಿ.

ಬ್ರೇಕ್ ತಿರುವಿಗೆ ಮೊದಲು, ಸೈಕಲ್ ನೆಟ್ಟಗಿರುವಾಗ. ತಿರುವಿನ ಒಳಗೆ ಗಾಬರಿಯಿಂದ ಒತ್ತಿದರೆ ಗಾಲಿ ಜಾರುತ್ತದೆ. ಎರಡೂ ಬ್ರೇಕ್ ಬಳಸಿ. ಉದ್ದನೆಯ ಇಳಿಜಾರಿನಲ್ಲಿ ಒತ್ತಿ ಹಿಡಿದೇ ಇಳಿಯಬೇಡಿ. ಗಾಲಿಯ ಅಂಚನ್ನು ಹಿಡಿಯುವ ಬ್ರೇಕ್ ಆದರೆ ರಿಮ್ ಕಾದು ಟ್ಯೂಬು ಸಿಡಿಯಬಹುದು, ಡಿಸ್ಕ್ ಬ್ರೇಕ್ ಆದರೂ ಅತಿಯಾಗಿ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಮತ್ತೆ ಒತ್ತಿ.

ತಿರುವಿನಲ್ಲಿ ಹೊರಗಡೆಯ ಪೆಡಲ್ ಕೆಳಗೆ, ಅದರ ಮೇಲೆ ಭಾರ. ಕಣ್ಣು ತಿರುವಿನ ಆಚೆ ತುದಿಗೆ. ಗುಂಡಿಯನ್ನೇ ನೋಡುತ್ತಿದ್ದರೆ ಸೈಕಲ್ ಗುಂಡಿಗೇ ಹೋಗುತ್ತದೆ. ತಿರುವಿನ ಒಳಅಂಚಿನಲ್ಲಿ ಮರಳು, ಜಲ್ಲಿ ಇರುವುದು ಹೆಚ್ಚು. ಮಳೆ ಬಂದಿದ್ದರೆ ರಸ್ತೆಯ ಬಣ್ಣದ ಪಟ್ಟಿ, ಕಬ್ಬಿಣದ ಮುಚ್ಚಳ ಎರಡೂ ಸೋಪಿನಂತೆ. ವೇಗದಲ್ಲಿ ಸೈಕಲ್ ಗಡಗಡ ನಡುಗತೊಡಗಿದರೆ ಹ್ಯಾಂಡಲ್ ಬಿಗಿಯಾಗಿ ಹಿಡಿಯಬೇಡಿ. ಎರಡೂ ಮಂಡಿಯಿಂದ ಸೈಕಲ್ಲಿನ ಮೇಲಿನ ಕೊಳವೆಯನ್ನು ಒತ್ತಿ ಹಿಡಿದು, ಮೆಲ್ಲನೆ ವೇಗ ಇಳಿಸಿ.

ಪಂಕ್ಚರ್ ಹಾಕಲು ಕಲಿತಿದ್ದೀರಾ? ಮನೆಯಲ್ಲಿ ಎರಡು ಸಲ ಟ್ಯೂಬು ಬಿಚ್ಚಿ ಹಾಕಿ ನೋಡಿ. ಹಿಂದಿನ ಗಾಲಿಯದ್ದೇ ಮಾಡಿ, ಕಷ್ಟ ಇರುವುದು ಅದರಲ್ಲಿ. ಟ್ಯೂಬು ಬದಲಿಸುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ತೆಗೆಯುವುದನ್ನು ಮರೆತರೆ ಹತ್ತು ನಿಮಿಷಕ್ಕೆ ಮತ್ತೆ ಅದೇ ಕತೆ. ಎರಡು ಟ್ಯೂಬು, ಟೈರು ಎಬ್ಬಿಸುವ ಪಟ್ಟಿ, ಪಂಪು, ಅಲೆನ್ ಕೀಗಳ ಗೊಂಚಲು, ಚೈನಿನ ಒಂದು ಜೋಡುಕೊಂಡಿ ಸದಾ ಜೊತೆಗಿರಲಿ.

ಹಂತ 8: ಕೊನೆಯ ಎರಡು ವಾರ

15ನೇ ವಾರ ತುಳಿಯುವ ಸಮಯವನ್ನು ಮೂರನೇ ಒಂದರಷ್ಟು ಕಡಿಮೆ ಮಾಡಿ. 16ನೇ ವಾರ ಅರ್ಧಕ್ಕಿಂತ ಕಡಿಮೆ. ಆದರೆ ಪೂರ್ತಿ ನಿಲ್ಲಿಸಬೇಡಿ. ಒಂದೆರಡು ಚಿಕ್ಕ ಏರುಗಳನ್ನು ಗಟ್ಟಿಯಾಗಿ ಹತ್ತಿ, ಕಾಲು ಮರೆಯದಿರಲಿ. ಈ ದಿನಗಳಲ್ಲಿ "ತಯಾರಿ ಸಾಲಲಿಲ್ಲ" ಎಂಬ ಭಯ ಎಲ್ಲರಿಗೂ ಬರುತ್ತದೆ, ಕೊನೆಯದಾಗಿ ಒಂದು 100 ಕಿ.ಮೀ. ತುಳಿದುಬಿಡೋಣ ಅನ್ನಿಸುತ್ತದೆ. ಬೇಡ. ಈಗ ತುಳಿದದ್ದು ಶಕ್ತಿಯಾಗಲು ಸಮಯವಿಲ್ಲ, ಸುಸ್ತಾಗಲು ಮಾತ್ರ ಸಮಯವಿದೆ. ಆ ಹೊತ್ತನ್ನು ನಿದ್ದೆಗೆ ಕೊಡಿ.

ಬ್ರೇಕ್ ಕಟ್ಟೆ, ಚೈನು, ಟೈರು ಸವೆದಿದ್ದರೆ 15ನೇ ವಾರದ ಮೊದಲೇ ಬದಲಿಸಿ, ಹಿಂದಿನ ದಿನ ಅಲ್ಲ. ಹೊಸ ಸೀಟು, ಹೊಸ ಶೂ ಈಗ ಬೇಡವೇ ಬೇಡ.

ಹಂತ 9: ಸವಾರಿಯ ದಿನಗಳು

ಮೊದಲ ದಿನ ಆರಂಭ ಶೂರತ್ವದ ದಿನ. ಬ್ಯಾನರು, ಚಪ್ಪಾಳೆ, ಸುತ್ತ ನೂರಾರು ಸೈಕಲ್. ನನ್ನ ಮೊದಲ ಸವಾರಿಯಲ್ಲಿ ನಾನು ಮುಂದಿನ ಗುಂಪಿನ ಹಿಂದೆಯೇ ಓಡಿದೆ. ಮಾರನೇ ದಿನದ ಮೊದಲ ಏರನ್ನೇ ಇಳಿದು ತಳ್ಳಿಕೊಂಡು ಹತ್ತಿದೆ. ಮೊದಲ ದಿನ ನಿಮ್ಮ ಹಗುರ ಸವಾರಿಯ ವೇಗಕ್ಕಿಂತ ಜಾಸ್ತಿ ಬೇಡ. ನಿಮ್ಮನ್ನು ಹಿಂದೆ ಹಾಕಿದವರಲ್ಲಿ ಕೆಲವರು ಮೂರನೇ ದಿನ ಮತ್ತೆ ಸಿಗುತ್ತಾರೆ.

ಗುಂಪಿನಲ್ಲಿ ಹೋಗುವಾಗ ನಿಮ್ಮ ಮುಂದಿನ ಗಾಲಿ ಎದುರಿನವರ ಹಿಂದಿನ ಗಾಲಿಯ ಪಕ್ಕಕ್ಕೆ ಬರಬಾರದು. ಅವರು ಸ್ವಲ್ಪ ಸರಿದರೂ ಬೀಳುವವರು ನೀವು. ಸಮತಟ್ಟಿನಲ್ಲಿ ಒಬ್ಬರ ಹಿಂದೆ ಇದ್ದರೆ ಗಾಳಿಯ ತಡೆ ತಪ್ಪಿ ಶ್ರಮ ಉಳಿಯುತ್ತದೆ. ಕಡಿದಾದ ಏರಿನ ನಿಧಾನ ವೇಗದಲ್ಲಿ ಅದರ ಲಾಭ ಬಹಳ ಕಡಿಮೆ. ಅಲ್ಲಿ ಯಾರನ್ನೂ ಹಿಂಬಾಲಿಸದೆ ನಿಮ್ಮ ಲಯದಲ್ಲೇ ಹತ್ತಿ.

ದಿನದ ತುದಿ ಮುಟ್ಟಿದ ಕೂಡಲೇ ಚಡ್ಡಿ ಬದಲಿಸಿ. ಫೋಟೊ, ಹರಟೆ ಎಲ್ಲ ಆಮೇಲೆ. ಒದ್ದೆ ಚಡ್ಡಿಯಲ್ಲಿ ಕೂತ ಒಂದು ಗಂಟೆಯೇ ಹುಣ್ಣಿಗೆ ಸಾಕು. ತೊಳೆದು, ಒರೆಸಿ, ಒಣಗಿದ ಸಡಿಲ ಬಟ್ಟೆ ಹಾಕಿ. ದಿನಕ್ಕೊಂದು ಒಗೆದ ಚಡ್ಡಿ ಬೇಕು, ಹಾಗಾಗಿ ಕನಿಷ್ಠ ಮೂರು ಇರಲಿ. ಉಜ್ಜುವ ಜಾಗಕ್ಕೆ ಹಚ್ಚುವ ಮುಲಾಮನ್ನು ಬೆಳಿಗ್ಗೆ ಹೊರಡುವ ಮೊದಲೇ ಹಚ್ಚಿ, ಉರಿ ಶುರುವಾದ ಮೇಲಲ್ಲ.

ಎರಡನೇ ಬೆಳಿಗ್ಗೆ ಸೀಟಿನ ಮೇಲೆ ಕೂತ ಕ್ಷಣ "ಇವತ್ತು ಆಗಲ್ಲ" ಅನ್ನಿಸುತ್ತದೆ. ಅದು ಎಲ್ಲರಿಗೂ ಅನ್ನಿಸುತ್ತದೆ. ಮೊದಲ ಅರ್ಧ ಗಂಟೆ ಯಾವ ತೀರ್ಮಾನವನ್ನೂ ಮಾಡಬೇಡಿ. ಅತಿ ಹಗುರ ಗೇರ್‌ನಲ್ಲಿ, ಪಕ್ಕದವರ ಜೊತೆ ಮಾತಾಡುತ್ತಾ ಸುಮ್ನೆ ಪೆಡಲ್ ತಿರುಗಿಸಿ. ರಕ್ತ ಓಡಾಡಿ ಕಾಲು ಬೆಚ್ಚಗಾದ ಮೇಲೂ ನೋವು ಹಾಗೇ ಇದ್ದರೆ, ಅಥವಾ ಹೆಚ್ಚುತ್ತಾ ಹೋದರೆ, ಆಗ ಸಹಾಯದ ಗಾಡಿ ಹತ್ತಿ. ಅದು ಇರುವುದೇ ಅದಕ್ಕೆ. ಒಂದು ಏರನ್ನು ಗಾಡಿಯಲ್ಲಿ ಹತ್ತಿ ಆಚೆಯಿಂದ ಮತ್ತೆ ತುಳಿದವರನ್ನು ಕಂಡಿದ್ದೇನೆ. ಅವರಿಗೆ ಹಣ ಕೊಟ್ಟವರು ಯಾರೂ ವಾಪಸ್ ಕೇಳಲಿಲ್ಲ.

ಕೊನೆಯ ದಿನದ ಕೊನೆಯ ಇಳಿಜಾರಿನಲ್ಲಿ ಮಾತ್ರ ಎರಡರಷ್ಟು ಎಚ್ಚರ. ಮುಗಿದೇ ಹೋಯಿತು ಎಂದು ಮನಸ್ಸು ಮೊದಲೇ ಊಟಕ್ಕೆ ಕೂತಿರುತ್ತದೆ, ಕೈ ಇನ್ನೂ ಬ್ರೇಕ್ ಮೇಲಿರಬೇಕು.

ಮುಗಿದ ಮೇಲೆ ಮೂರು ದಿನ ಸೈಕಲ್ ಮುಟ್ಟಬೇಡಿ, ನಡೆದಾಡಿ ಸಾಕು. ಬೆರಳ ಜೋಮು ಕೆಲವು ದಿನ ಉಳಿಯುವುದುಂಟು. ಎರಡು ವಾರವಾದರೂ ಹೋಗದಿದ್ದರೆ, ಅಥವಾ ಕೈಯಲ್ಲಿ ಬಲ ಕಡಿಮೆ ಅನ್ನಿಸಿದರೆ ವೈದ್ಯರಿಗೆ ತೋರಿಸಿ. ಹಣ ಕೊಟ್ಟವರಿಗೆ ಒಟ್ಟು ಎಷ್ಟು ಕೂಡಿತು ಎಂಬ ಲೆಕ್ಕದ ಜೊತೆ ಒಂದು ಫೋಟೊ ಕಳಿಸಿ, ಅದೇ ವಾರದಲ್ಲಿ.